2040ರ ಡಾಡ್ಜ್ ಚಾರ್ಜರ್ ಬರೆಯೋದು ಹೇಗೆ? ಹಳೇ ಮಸಲ್ ಕಾರಿಗೆ ಹೊಸ ಮೈ ಕೊಡುವ ಸಮಗ್ರ ಮಾರ್ಗದರ್ಶಿ

ಹಳೇ ಅಮೆರಿಕನ್ ಮಸಲ್ ಕಾರೊಂದನ್ನು (ದೊಡ್ಡ ಎಂಜಿನ್ ಹಾಕಿದ, ಜೋರಾಗಿ ಓಡುವ ಕಾರು) ತೊಗೊಂಡು ಅದರ ನಾಳೆಯ ರೂಪ ಬರೆಯೋಕೆ ಕೂತವರು ಸಾಮಾನ್ಯವಾಗಿ ಮೂರು ಕೆಲಸ ಮಾಡುತ್ತಾರೆ. ಗಾಲಿ ದೊಡ್ಡದು ಮಾಡುತ್ತಾರೆ. ಮೂತಿಗೆ ಅಡ್ಡಡ್ಡ ಒಂದು ನೀಲಿ ಲೈಟು ಎಳೆಯುತ್ತಾರೆ. ಕಾರನ್ನು ನೆಲಕ್ಕೆ ಅಂಟಿಸಿಬಿಡುತ್ತಾರೆ. ನಾನೂ ಅದನ್ನೇ ಮಾಡಿದ್ದೆ. ಮೂರು ವಾರ ರಾತ್ರಿಯೆಲ್ಲಾ ಕೂತು ಬರೆದ ಮೊದಲ ಚಿತ್ರವನ್ನು ಹೆಂಡತಿಗೆ ತೋರಿಸಿದೆ. ಅವಳು ಕಾಫಿ ಲೋಟ ಕೆಳಗಿಡದೆ, "ಚೆನ್ನಾಗಿದೆ, ಯಾವ ಕಾರು ಇದು?" ಅಂದಳು. ಅಲ್ಲಿಗೆ ಮುಗೀತು! ಯಾವ ಕಾರು ಅಂತ ಕೇಳಬೇಕಾಗಿ ಬಂತು ಅಂದ್ರೆ ಆ ಚಿತ್ರ ಫೇಲ್.

ಆಮೇಲೆ ಹಾಳೆ ಮೇಲೆ ಹಾಳೆ ಹರಿದು ಹಾಕಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವೃತ್ತಿಯಿಂದ ಕಾರ್ ಡಿಸೈನರ್ ಅಲ್ಲ. ಆದರೆ ಇರೋದು ಡೆಟ್ರಾಯ್ಟ್ ಪಕ್ಕದಲ್ಲಿ. ಪ್ರತಿ ಆಗಸ್ಟಿನಲ್ಲಿ ವುಡ್‌ವರ್ಡ್ ರಸ್ತೆಯ ಮೇಲೆ ಈ ಹಳೇ ಕಾರುಗಳ ಜಾತ್ರೆ ನಡೆಯುತ್ತದೆ, ನಾಲ್ಕು ಮನೆ ಆಚೆ ಇರುವ ಅಜ್ಜನ ಹತ್ತಿರ ಡಾಡ್ಜ್ ಕಂಪನಿಯ 1968ರ ಚಾರ್ಜರ್ ಇದೆ. ಹಾಗಾಗಿ ಉದಾಹರಣೆಗೂ ಅದನ್ನೇ ಹಿಡಿದುಕೊಂಡಿದ್ದೇನೆ. ನಿಮಗೆ ಮಸ್ಟಾಂಗ್ ಇಷ್ಟವೋ ಕಮಾರೋ ಇಷ್ಟವೋ, ಹೆಜ್ಜೆಗಳು ಇವೇ.

ಬೇಕಾಗೋದು ಕಡಿಮೆ. ಎ4 ಹಾಳೆ, ಟ್ರೇಸಿಂಗ್ ಪೇಪರ್, ಸ್ಕೇಲು, ಕಪ್ಪು ಬಾಲ್‌ಪೆನ್ನು, ಗಾಲಿ ಬರೆಯಲು ಒಂದು ಕೈವಾರ. ಪೆನ್ಸಿಲ್ ಬೇಡ ಅಂತೀನಿ, ಯಾಕಂದ್ರೆ ರಬ್ಬರ್ ಇದ್ದರೆ ಉಜ್ಜುತ್ತಾ ಕೂರುತ್ತೀರಿ, ಹೊಸ ಹಾಳೆ ತೊಗೊಳ್ಳೋದೇ ಇಲ್ಲ.

ಹೆಜ್ಜೆ 1: ಒಂದೇ ಕಾರು, ಒಂದೇ ವರ್ಷ

"ಚಾರ್ಜರ್" ಅಂದರೆ ಸಾಲದು. ಯಾವ ವರ್ಷದ್ದು? 1966ರಲ್ಲಿ ಬಂದ ಮೊದಲ ಚಾರ್ಜರ್ ಚಾವಣಿಯಿಂದ ಬಾಲದವರೆಗೆ ಜಾರುಬಂಡೆ ಥರ ಇಳಿಯುತ್ತಿದ್ದ ಕಾರು, ಅಷ್ಟೇನೂ ಮಾರಾಟ ಆಗಲಿಲ್ಲ. 1968ಕ್ಕೆ ಮೈಯೆಲ್ಲಾ ಬದಲಾಯಿತು. ಡಾಡ್ಜ್‌ನ ಬಿಲ್ ಬ್ರೌನ್ಲಿ ಅವರ ಡಿಸೈನ್ ಸ್ಟುಡಿಯೋದಲ್ಲಿ ರಿಚರ್ಡ್ ಸಯಾಸ್ ಬರೆದ ಆ ರೂಪವೇ ಇವತ್ತಿಗೂ ಜನರ ಕಣ್ಣಲ್ಲಿ ಇರೋದು. ಕಂಪನಿ ಮೂವತ್ತೈದು ಸಾವಿರ ಮಾರಿದರೆ ಸಾಕು ಅಂದುಕೊಂಡಿತ್ತು, ಹೋಗಿದ್ದು ಸುಮಾರು 96 ಸಾವಿರ.

ಅದರಲ್ಲೂ ವರ್ಷ ವರ್ಷಕ್ಕೆ ವ್ಯತ್ಯಾಸ ಇದೆ. 1968ರ ಕಾರಿನ ಬಾಲದಲ್ಲಿ ನಾಲ್ಕು ದುಂಡು ದೀಪ. 1969ಕ್ಕೆ ಎರಡು ಉದ್ದ ದೀಪ, ಮುಂದಿನ ಜಾಲರಿಯ (ಗ್ರಿಲ್) ನಡುವೆ ಒಂದು ಗೂಟ. 1970ಕ್ಕೆ ಜಾಲರಿಯ ಸುತ್ತ ಒಂದೇ ಸುತ್ತಿನ ಕ್ರೋಮ್ ಬಂಪರ್. ಮೂರನ್ನೂ ಕಲಸಿ ಬರೆದರೆ ಕಾರು ಗೊತ್ತಿರುವವರಿಗೆ ತಕ್ಷಣ ತಿಳಿಯುತ್ತದೆ, ಗೊತ್ತಿಲ್ಲದವರಿಗೂ ಏನೋ ಎಡವಟ್ಟು ಅಂತ ಅನ್ನಿಸುತ್ತದೆ. ನಾನು 1968ನ್ನು ಆರಿಸಿಕೊಂಡೆ.

ಹೆಜ್ಜೆ 2: ನೋಡದೆ ಬರೆಯಿರಿ

ಫೋಟೋಗಳನ್ನು ಅರ್ಧ ಗಂಟೆ ಚೆನ್ನಾಗಿ ನೋಡಿ. ಆಮೇಲೆ ಎಲ್ಲಾ ಮುಚ್ಚಿಟ್ಟು ಒಂದು ದಿನ ಬಿಟ್ಟುಬಿಡಿ. ಮಾರನೇ ದಿನ ನೆನಪಿನಿಂದ, ಹತ್ತೇ ಗೆರೆಯಲ್ಲಿ ಕಾರಿನ ಪಕ್ಕದ ನೋಟ ಬರೆಯಿರಿ. ಹನ್ನೊಂದನೇ ಗೆರೆ ಇಲ್ಲ.

ನಿಮ್ಮ ಕೈ ಯಾವುದನ್ನು ನೆನಪಿಟ್ಟುಕೊಂಡಿದೆಯೋ ಅದೇ ಕಾರಿನ ಗುರುತು. ನನ್ನ ಹತ್ತು ಗೆರೆಯಲ್ಲಿ ಉಳಿದಿದ್ದು ನಾಲ್ಕೇ ವಿಷಯ. ಉದ್ದನೆಯ ಬಾನೆಟ್ (ಇಲ್ಲಿನವರು ಹುಡ್ ಅಂತಾರೆ, ನನ್ನ ಬಾಯಿಗೆ ಇನ್ನೂ ಬಾನೆಟ್ಟೇ ಬರೋದು). ಬಾಗಿಲ ಹತ್ತಿರ ಸೊಂಟ ಸಣ್ಣಗಾಗಿ ಹಿಂದಿನ ಗಾಲಿಯ ಮೇಲೆ ಮತ್ತೆ ತುಂಬಿಕೊಳ್ಳುವ ಮೈ, ಅಂದರೆ ಕೋಕ್ ಬಾಟಲಿ ಆಕಾರ. ಕಣ್ಣೇ ಕಾಣದ ಕಪ್ಪು ಮೂತಿ. ಚಾವಣಿಯಿಂದ ಡಿಕ್ಕಿಯ ಕಡೆಗೆ ಎರಡೂ ಪಕ್ಕ ಇಳಿಯುವ ರೆಕ್ಕೆಗಳು, ನಡುವೆ ಒಳಗೆ ಸರಿದು ಕೂತ ಹಿಂದಿನ ಗಾಜು. ಕ್ರೋಮ್ ಪಟ್ಟಿ, ಬಾಲದ ಜೇನುಹುಳದ ಪಟ್ಟೆ, ಬಾಗಿಲ ಹಿಡಿ ಯಾವುದೂ ಬರಲಿಲ್ಲ. ಅವೆಲ್ಲಾ ಒಡವೆ, ಬೇಕಾದರೆ ಇಡಬಹುದು, ಬೇಡವಾದರೆ ತೆಗೆಯಬಹುದು.

ಹೆಜ್ಜೆ 3: ಪ್ರತಿ ಗೆರೆಗೂ "ಯಾಕೆ?" ಕೇಳಿ

ಇಲ್ಲಿ ಅವಸರ ಬೇಡ. ಉಳಿದ ಹೆಜ್ಜೆಗಳಲ್ಲಿ ನೀವು ಮಾಡೋದೆಲ್ಲಾ ಇಲ್ಲಿ ಸಿಗುವ ಉತ್ತರದ ಮೇಲೆ ನಿಂತಿದೆ. ಗುರುತಿನ ಒಂದೊಂದು ಗೆರೆಯನ್ನೂ ಹಿಡಿದು, ಆ ಕಾಲದಲ್ಲಿ ಅದು ಯಾವ ಕೆಲಸ ಮಾಡುತ್ತಿತ್ತು ಅಂತ ಹುಡುಕಿ.

ಮೂತಿಯಿಂದ ಶುರು ಮಾಡೋಣ. ಅಮೆರಿಕದಲ್ಲಿ 1940ರ ಮಾದರಿಗಳಿಂದ 1983ರವರೆಗೆ ಹೆಡ್‌ಲೈಟಿನ ಆಕಾರವನ್ನು ಡಿಸೈನರ್ ತೀರ್ಮಾನ ಮಾಡುವ ಹಾಗೇ ಇರಲಿಲ್ಲ. ಸೀಲ್ಡ್ ಬೀಮ್ ದೀಪ (ಬಲ್ಬು, ಕನ್ನಡಿ, ಗಾಜು ಎಲ್ಲಾ ಒಂದೇ ಗಟ್ಟಿ ಮಾಡಿ ಮುಚ್ಚಿದ್ದು) ಕಡ್ಡಾಯ, ಅಳತೆಯೂ ನಿಗದಿ. ಅರವತ್ತರ ದಶಕದಲ್ಲಿ ಸಿಗುತ್ತಿದ್ದದ್ದು ದುಂಡನೆಯದು ಮಾತ್ರ. ಎಲ್ಲರ ಕಾರಿಗೂ ಅದೇ ಕಣ್ಣು! ಅದರಿಂದ ತಪ್ಪಿಸಿಕೊಳ್ಳಲು ಇದ್ದ ಒಂದು ದಾರಿ ದೀಪವನ್ನೇ ಬಚ್ಚಿಡೋದು. ಚಾರ್ಜರಿನ ಕಪ್ಪು ಮೂತಿಯ ಹಿಂದೆ ಇರೋ ಗುಟ್ಟು ಅಷ್ಟೇ. ಜಾಲರಿಯ ಎರಡು ತುದಿಯಲ್ಲಿ ಮುಚ್ಚಳ, ಎಂಜಿನ್ ಎಳೆಯುವ ನಿರ್ವಾತದ ಬಲದಿಂದ ಅವು ತೆರೆದುಕೊಳ್ಳುತ್ತವೆ. ನಮ್ಮ ಪಕ್ಕದ ಅಜ್ಜನ ಕಾರಿನಲ್ಲಿ ಆ ರಬ್ಬರ್ ಪೈಪು ಹಳೇದಾಗಿ ಎಲ್ಲೋ ಗಾಳಿ ಸೋರುತ್ತದೆ. ಸಂಜೆ ಲೈಟ್ ಹಾಕಿದರೆ ಎಡಗಣ್ಣು ಟಪ್ ಅಂತ ತೆರೆಯುತ್ತದೆ, ಬಲಗಣ್ಣು ನಿದ್ದೆಗಣ್ಣಲ್ಲಿ ಎದ್ದ ಹಾಗೆ ನಿಧಾನಕ್ಕೆ, ಎರಡು ಮೂರು ಸೆಕೆಂಡ್ ಬಿಟ್ಟು. ಅವರು ಅದನ್ನು ರಿಪೇರಿ ಮಾಡಿಸಿಲ್ಲ, ಮಾಡಿಸೋದೂ ಇಲ್ಲ ಅಂತಾರೆ.

ಉದ್ದ ಬಾನೆಟ್ಟಿಗೆ ಕಾರಣ ಸುಲಭ. ಅದರಡಿ 7.2 ಲೀಟರಿನ 440 ಮ್ಯಾಗ್ನಮ್, ಇಲ್ಲಾಂದ್ರೆ 7 ಲೀಟರಿನ 426 ಹೆಮಿ ಎಂಜಿನ್ ಕೂರಬೇಕಿತ್ತು. ಹೆಮಿ ಒಂದೇ 300 ಕಿಲೋಗೂ ಜಾಸ್ತಿ ತೂಕ, 425 ಅಶ್ವಶಕ್ತಿ ಅಂತ ಕಂಪನಿ ಹೇಳುತ್ತಿತ್ತು. (ಆಗಿನ ಲೆಕ್ಕ ಎಂಜಿನ್ನನ್ನು ಬಿಡಿಯಾಗಿ ಓಡಿಸಿ ಅಳೆದದ್ದು. 1972ರಿಂದ ಲೆಕ್ಕದ ರೀತಿ ಬದಲಾಯಿತು, ಸಂಖ್ಯೆಗಳೂ ಇಳಿದವು. ಹಳೇ ಹೊಸ ಅಶ್ವಶಕ್ತಿಯನ್ನು ಸುಮ್ನೆ ಪಕ್ಕಪಕ್ಕ ಇಟ್ಟು ಜಗಳ ಆಡಬೇಡಿ.)

ಬಾಗಿಲ ಮೇಲಿನ ಎರಡು ತಗ್ಗುಗಳಿವೆ ನೋಡಿ, ಗಾಳಿ ಹೋಗೋ ಕಿಂಡಿ ಥರ. ಅವು ಸುಳ್ಳು. ಏನೂ ಹೋಗಲ್ಲ. ಬಾನೆಟ್ಟಿನ ಮೇಲಿನ ತಗ್ಗುಗಳು ಅರ್ಧ ನಿಜ. ಗಾಳಿ ಇಲ್ಲದಿದ್ದರೂ ಅದರೊಳಗೆ ಪುಟ್ಟ ಇಂಡಿಕೇಟರ್ ದೀಪ ಇಟ್ಟಿದ್ದರು, ಓಡಿಸುವವನಿಗೆ ಕಾಣುವ ಹಾಗೆ. ಹಿಂದಿನ ಎಡ ಭುಜದ ಮೇಲೆ ಹೊಳೆಯುವ ದುಂಡು ಪೆಟ್ರೋಲ್ ಮುಚ್ಚಳ, ರೇಸ್ ಕಾರಿನಿಂದ ತಂದದ್ದು, ಪೂರ್ತಿ ನಿಜ.

ಈಗ ಕೊನೇ ಗುರುತು, ಒಳಗೆ ಸರಿದ ಮೂತಿ ಮತ್ತು ಒಳಗೆ ಸರಿದ ಗಾಜು. ನೋಡೋಕೆ ಎಷ್ಟು ಚೆಂದವೋ ಗಾಳಿಗೆ ಅಷ್ಟೇ ಕೆಟ್ಟದ್ದು. ಅಮೆರಿಕದ ನಾಸ್ಕಾರ್ ಅನ್ನೋ ಕಾರ್ ರೇಸಿನಲ್ಲಿ ಈ ಕಾರು ನಿರೀಕ್ಷೆಯಷ್ಟು ಓಡಲಿಲ್ಲ. ಮೂತಿಯ ಗುಂಡಿ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತಿತ್ತು, ಹಿಂದಿನ ಗಾಜಿನ ಗವಿಯಲ್ಲಿ ಗಾಳಿ ಸುಳಿ ತಿರುಗಿ ಬಾಲವನ್ನು ಮೇಲಕ್ಕೆತ್ತುತ್ತಿತ್ತು. ಅದಕ್ಕೆ 1969ರಲ್ಲಿ ಚಾರ್ಜರ್ 500 ಅಂತ ಮಾಡಿದರು. ಜಾಲರಿಯನ್ನು ಮುಂದಕ್ಕೆ ತಂದರು, ಗಾಜನ್ನು ರೆಕ್ಕೆಯ ಮಟ್ಟಕ್ಕೆ ಎತ್ತಿದರು. ಅದೂ ಸಾಲದೆ ಅದೇ ವರ್ಷ ಚಾರ್ಜರ್ ಡೇಟೋನಾ ಬಂತು. ಮುಂದೆ ಚೂಪು ಮೂತಿ, ಹಿಂದೆ 58 ಸೆಂಟಿಮೀಟರ್ ಎತ್ತರದ ರೆಕ್ಕೆ. 1970ರ ಮಾರ್ಚ್ 24ರಂದು ಟಾಲಡೇಗಾ ರೇಸ್ ಟ್ರ್ಯಾಕಿನಲ್ಲಿ ರೇಸರ್ ಬಡ್ಡಿ ಬೇಕರ್ ಅದರಲ್ಲಿ ಗಂಟೆಗೆ 200 ಮೈಲಿ, ಅಂದರೆ ಸುಮಾರು 322 ಕಿಲೋಮೀಟರ್ ದಾಟಿದರು.

ಈ ಕಥೆ ಹೇಳಿದ್ದಕ್ಕೆ ಕಾರಣ ಇದೆ. ಹಳೇ ಕಾರಿನ ಅತ್ಯಂತ ಚೆಂದದ ಎರಡು ಜಾಗಗಳೇ ಅದರ ಎರಡು ದೊಡ್ಡ ತಪ್ಪುಗಳು. ನಿಮ್ಮ ಹೊಸ ಕಾರಿಗೆ ಕೆಲಸ ಸಿಗೋದು ಅಲ್ಲೇ. ಒಂದು ಕಾಗದದಲ್ಲಿ ಮೂರು ಕಾಲಂ ಹಾಕಿ: ಗುರುತು, ಆಗ ಮಾಡಿದ ಕೆಲಸ, 2040ರಲ್ಲಿ ಮಾಡಬೇಕಾದ ಕೆಲಸ. ಮೂರನೇ ಕಾಲಂ ಖಾಲಿ ಉಳಿದರೆ ಆ ಗೆರೆಯನ್ನು ಬರೆಯಲೇಬೇಡಿ.

ಹೆಜ್ಜೆ 4: 2040ರ ಷರತ್ತು ಬರೆದಿಡಿ

"ಭವಿಷ್ಯ" ಅನ್ನೋದು ತುಂಬಾ ದೊಡ್ಡ ಪದ. ವರ್ಷ ಹಾಕಿ, ಐದಾರು ಷರತ್ತು ಹಾಕಿ. ನನ್ನವು ಇವು: ಬ್ಯಾಟರಿ ಕಾರು. ಜನ ಸ್ವತಃ ಓಡಿಸುವ ಕಾರು, ಸ್ಟೀರಿಂಗ್ ಇದ್ದೇ ಇದೆ. ನಾಲ್ಕು ಸೀಟು. ಹಳೇ ಕಾರಿಗಿಂತ ಎತ್ತರ ಆಗಬಾರದು. ಪಾದಚಾರಿಗೆ ಬಡಿದರೆ ಚುಚ್ಚುವ ಅಂಚು ಮುಂದೆ ಇರಬಾರದು. ಕಾರು ಪಲ್ಟಿಯಾದರೂ ಚಾವಣಿ ತಡೆಯಬೇಕು, ಅಂದರೆ ಕಂಬಗಳು ಅರವತ್ತೆಂಟರಷ್ಟು ತೆಳ್ಳಗೆ ಇರೋ ಹಾಗಿಲ್ಲ.

ಷರತ್ತು ಕಮ್ಮಿ ಮಾಡಿದಷ್ಟೂ ಚಿತ್ರ ಆಟಿಕೆ ಆಗುತ್ತದೆ. ಹಾರುವ ಕಾರು ಬರೆಯಬೇಡಿ ಅಂತ ನಾನು ಹೇಳಲ್ಲ, ಆದರೆ ಗಾಲಿ ತೆಗೆದರೆ ಮಸಲ್ ಕಾರಿನಲ್ಲಿ ಏನು ಉಳಿಯುತ್ತೆ ಹೇಳಿ? ಇಡೀ ಕಾರು ನಿಂತಿರೋದೇ ಹಿಂದಿನ ಎರಡು ಗಾಲಿಯ ಮೇಲೆ.

ಹೆಜ್ಜೆ 5: ಚುಕ್ಕಿ ಇಟ್ಟು ರಂಗೋಲಿ ಎಳೆಯುವ ಹಾಗೆ, ಗಾಲಿ ಮೊದಲು

ಮೈ ಬರೆದು ಆಮೇಲೆ ಗಾಲಿ ಸಿಕ್ಕಿಸಬೇಡಿ. ಗಾಲಿ ಎರಡು ಚುಕ್ಕಿ ಇದ್ದ ಹಾಗೆ, ಉಳಿದ ಗೆರೆಗಳು ಅದರ ಸುತ್ತ ಬರುತ್ತವೆ.

ಮೊದಲು ಹಳೇ ಕಾರನ್ನು ಇಪ್ಪತ್ತರಲ್ಲಿ ಒಂದರ ಅಳತೆಗೆ ಇಳಿಸಿ. ಎ4 ಹಾಳೆ ಅಡ್ಡಲಾಗಿ ಇಟ್ಟರೆ ಸರಿಯಾಗಿ ಹಿಡಿಯುತ್ತದೆ. 1968ರ ಚಾರ್ಜರಿನ ಉದ್ದ 5283 ಮಿಲಿಮೀಟರ್, ಹಾಳೆಯ ಮೇಲೆ 26.4 ಸೆಂಟಿಮೀಟರ್. ಎರಡು ಗಾಲಿಯ ನಡುವಿನ ದೂರ 2972 ಮಿ.ಮೀ., ಹಾಳೆಯಲ್ಲಿ 14.9 ಸೆಂ.ಮೀ. ಎತ್ತರ ಸುಮಾರು 1350 ಮಿ.ಮೀ., ಹಾಳೆಯಲ್ಲಿ 6.75. ಟೈರು ಸೇರಿ ಗಾಲಿಯ ವ್ಯಾಸ ಸುಮಾರು 67 ಸೆಂ.ಮೀ., ಹಾಳೆಯಲ್ಲಿ 3.3. ನೆಲದ ಗೆರೆ ಎಳೆದು, ಎರಡು ವೃತ್ತ ಹಾಕಿ, ಸುತ್ತ ಒಂದು ಚೌಕಟ್ಟು ಬರೆಯಿರಿ. ಹಿಂದಿನ ಬಾಲ ಮುಂದಿನ ಮೂತಿಗಿಂತ ಉದ್ದ ಅನ್ನೋದನ್ನು ಮರೀಬೇಡಿ.

ಇದರ ಮೇಲೆ ಟ್ರೇಸಿಂಗ್ ಪೇಪರ್ ಹಾಕಿ ಹೊಸ ಅಳತೆ ಇಡಿ. ನನ್ನದು ಹೀಗೆ: ಗಾಲಿಗಳ ನಡುವೆ 15 ಸೆಂ.ಮೀ., ಹೆಚ್ಚುಕಡಿಮೆ ಅಷ್ಟೇ. ಒಟ್ಟು ಉದ್ದ 24.7, ಕತ್ತರಿಸಿದ್ದರಲ್ಲಿ ಬಹುಪಾಲು ಬಾಲದ್ದು. ಎತ್ತರ ಹಳೇದರಷ್ಟೇ, 6.75. ಗಾಲಿ 3.7. ಹಳೇ ಕಾರಿನಲ್ಲಿ ಎರಡು ಗಾಲಿಯ ಕೇಂದ್ರಗಳ ನಡುವೆ ನಾಲ್ಕೂವರೆ ಗಾಲಿ ಕೂರುತ್ತಿತ್ತು, ಈಗ ನಾಲ್ಕೇ ನಾಲ್ಕು. ಇದಕ್ಕಿಂತ ದೊಡ್ಡ ಗಾಲಿ ಹಾಕಿದರೆ ಕಾರು ಗಟ್ಟಿಮುಟ್ಟಾಗಿ ಕಾಣೋ ಬದಲು ಮಕ್ಕಳ ಆಟದ ಕಾರಿನ ಥರ ಕಾಣುತ್ತದೆ, ನಾನು 4.2 ಹಾಕಿ ನೋಡಿದ್ದೇನೆ. ಇನ್ನೊಂದು ಮಾತು, ಇಡೀ ಗಾಲಿಯನ್ನು ರಿಮ್ಮಿನಿಂದ ತುಂಬಬೇಡಿ. ಟೈರಿನ ರಬ್ಬರ್ ಒಂದಿಷ್ಟು ಕಾಣಲಿ. ಮಸಲ್ ಕಾರಿಗೆ ಕೊಬ್ಬಿದ ಟೈರೇ ಚೆಂದ.

ಇನ್ನು ಸೊಂಟದ ಗೆರೆ. ಮುಂದಿನ ಗಾಲಿಯ ಮೇಲಿಂದ ಶುರು ಮಾಡಿ, ಬಾಗಿಲ ಹಿಂಭಾಗದಲ್ಲಿ ಇಳಿಸಿ, ಹಿಂದಿನ ಗಾಲಿಗೆ ಸ್ವಲ್ಪ ಮೊದಲೇ ಮತ್ತೆ ಏರಿಸಿ. ಏರುವ ಜಾಗ ಒಂದು ಸೆಂಟಿಮೀಟರ್ ಹಿಂದೆ ಹೋದರೂ ಕಾರು ಸುಸ್ತಾದ ಹಾಗೆ ಕಾಣುತ್ತದೆ, ಮುಂದೆ ಬಂದರೆ ನೆಗೆಯೋಕೆ ತೊಡೆ ಬಿಗಿ ಹಿಡಿದ ಹಾಗೆ ಕಾಣುತ್ತದೆ. ಈ ಒಂದು ಗೆರೆಯನ್ನು ಐವತ್ತು ಸಲ ಬರೆಯಿರಿ. ಕೈಯ ಮಣಿಕಟ್ಟಿನಿಂದ ಅಲ್ಲ, ಭುಜದಿಂದ. ಮಣಿಕಟ್ಟಿನಿಂದ ಎಳೆದ ಗೆರೆ ಎಲ್ಲೋ ಒಂದು ಕಡೆ ಮುರಿಯುತ್ತದೆ.

ಹೆಜ್ಜೆ 6: ಎಂಜಿನ್ ಹೋದ ಮೇಲೆ ಬಾನೆಟ್ ಏನು ಮಾಡಬೇಕು?

ನನಗೆ ಜಾಸ್ತಿ ತಲೆ ಕೆಡಿಸಿದ ಪ್ರಶ್ನೆ ಇದು. ಈಗಿನ ಬ್ಯಾಟರಿ ಕಾರುಗಳಲ್ಲಿ ಬಹುತೇಕ ಬ್ಯಾಟರಿಯೆಲ್ಲಾ ನೆಲದಡಿ, ಹಾಸಿಗೆ ಹಾಸಿದ ಹಾಗೆ ಇರುತ್ತದೆ. ಅದರ ಮೇಲೆ ಸೀಟು, ಸೀಟಿನ ಮೇಲೆ ಮನುಷ್ಯ, ಮನುಷ್ಯನ ತಲೆ ಮೇಲೆ ಚಾವಣಿ. ಎಲ್ಲಾ ಏರುತ್ತದೆ. 2024ರ ಬ್ಯಾಟರಿ ಚಾರ್ಜರ್ ಡೇಟೋನಾ ಸುಮಾರು ಒಂದೂವರೆ ಮೀಟರ್ ಎತ್ತರ ಇದೆ, ಹಳೇದಕ್ಕಿಂತ ಸುಮಾರು 15 ಸೆಂಟಿಮೀಟರ್ ಜಾಸ್ತಿ. ತೂಕ 2,600 ಕಿಲೋ ಹತ್ತಿರ. ಅದೇ ಅಡಿಕಟ್ಟಿನ (ಪ್ಲಾಟ್‌ಫಾರ್ಮ್) ಮೇಲೆ ಪೆಟ್ರೋಲ್ ಕಾರೂ ಮಾಡಬೇಕಾದ ಕಂಪನಿಗೆ ಅದರದ್ದೇ ಆದ ಕಷ್ಟಗಳಿವೆ. ಹಾಳೆ ಮೇಲೆ ಬರೆಯುವ ನಮಗೆ ಆ ಕಷ್ಟ ಇಲ್ಲ.

ಹಾಗಾಗಿ ಬ್ಯಾಟರಿಯನ್ನು ನೆಲದಿಂದ ಎತ್ತಿ. ಹಳೇ ಕಾರಿನಲ್ಲಿ ಗೇರ್‌ಬಾಕ್ಸು, ಹಿಂದಿನ ಗಾಲಿಗೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟು ಹೋಗಲು ಸೀಟುಗಳ ನಡುವೆ ಒಂದು ಸುರಂಗ ಇತ್ತಲ್ಲ, ಅಲ್ಲಿ ಒಂದಿಷ್ಟು ಬ್ಯಾಟರಿ ಇಡಿ. ಇದೇನೂ ಹೊಸದಲ್ಲ, ಜನರಲ್ ಮೋಟಾರ್ಸಿನ ಇವಿ1, ಆಮೇಲೆ ಶೆವ್ರೊಲೆ ವೋಲ್ಟ್, ಎರಡರಲ್ಲೂ ಬ್ಯಾಟರಿ ಇಂಗ್ಲಿಷಿನ ಟೀ ಅಕ್ಷರದ ಆಕಾರದಲ್ಲಿ ನಡುವಿನ ಸುರಂಗದಲ್ಲೇ ಇತ್ತು. ಉಳಿದದ್ದನ್ನು ಮುಂದಿನ ಗಾಲಿಯ ಅಚ್ಚಿನ ಹಿಂದೆ, ಓಡಿಸುವವನ ಪಾದದ ಮುಂದೆ ನಿಲ್ಲಿಸಿ. ಅಚ್ಚಿಗಿಂತ ಮುಂದೆ ಇಡಬೇಡಿ, ಅದು ಡಿಕ್ಕಿ ಹೊಡೆದಾಗ ನುಜ್ಜಾಗಬೇಕಾದ ಜಾಗ.

ನೋಡಿ ಏನಾಯ್ತು! ಸೀಟು ಮತ್ತೆ ನೆಲಕ್ಕಿಳಿಯಿತು. ಮುಂದಿನ ಗಾಲಿಗೂ ಬಾಗಿಲಿಗೂ ನಡುವಿನ ದೂರ ತಾನಾಗೇ ಉದ್ದವಾಯಿತು. ಉದ್ದ ಬಾನೆಟ್ ಈಗ ಹಳೇ ಕಾಲದ ನೆನಪಿಗಾಗಿ ಇಟ್ಟದ್ದಲ್ಲ, ಅದರಡಿ ಮತ್ತೆ ಕಾರಿನ ಶಕ್ತಿಯೇ ಕೂತಿದೆ. ಹಿಂದಿನ ಸೀಟಿನವರ ಕಾಲಿಗೂ ಜಾಗ ಸಿಕ್ಕಿತು. ಪೋರ್ಶೆ ಟೈಕಾನಿನಲ್ಲಿ ಕಾರನ್ನು ಕುಳ್ಳಗೆ ಇಡಲು ಹಿಂದಿನವರ ಪಾದದ ಜಾಗದಲ್ಲಿ ಬ್ಯಾಟರಿಯನ್ನೇ ಬಿಟ್ಟಿದ್ದಾರೆ, ಅದೇ ಯೋಚನೆಯನ್ನು ನಾವು ಇನ್ನೂ ಸ್ವಲ್ಪ ಎಳೆದಿದ್ದೇವೆ ಅಷ್ಟೆ. ಬ್ಯಾಟರಿ ಚಿಕ್ಕದಾಗುತ್ತದೆ ಅಂತ ತಕರಾರು ಮಾಡುವವರು ಇದ್ದೇ ಇರುತ್ತಾರೆ. ಆಗಲಿ ಬಿಡಿ, 2040.

ಹೆಜ್ಜೆ 7: ಮೂತಿ

ಜಾಲರಿ ಬೇಕಾ? ತಂಪು ಮಾಡಲು ಈಗಲೂ ಗಾಳಿ ಬೇಕು, ಆದರೆ ಅಷ್ಟು ದೊಡ್ಡ ಬಾಯಿ ಬೇಡ. ಡಾಡ್ಜ್‌ನವರು 2022ರ ಪರಿಕಲ್ಪನೆಯ ಕಾರಿನಲ್ಲಿ ಒಂದು ಜಾಣತನ ಮಾಡಿದ್ದಾರೆ. ಬಾನೆಟ್ಟಿನ ಮುಂದಿನ ಅಂಚು ಹಳೇ ಕಾರಿನ ಥರ ಎತ್ತರಕ್ಕೆ, ಚಪ್ಪಟೆಯಾಗಿ ಕಾಣುತ್ತದೆ, ಆದರೆ ಅದು ಒಂದು ರೆಕ್ಕೆ. ಅದರಡಿಯಿಂದ ಗಾಳಿ ನುಗ್ಗಿ ಬಾನೆಟ್ ಮೇಲೆ ಹರಿದು ಹೋಗುತ್ತದೆ. 1968ರಲ್ಲಿ ಗಾಳಿ ಹಿಡಿಯುತ್ತಿದ್ದ ಗುಂಡಿಗೆ ಹಿಂದೊಂದು ಬಾಗಿಲು ತೆಗೆದ ಹಾಗಾಯಿತು. ಹಳೇ ತಪ್ಪನ್ನು ಹೊಸ ಕೆಲಸಕ್ಕೆ ಹಚ್ಚೋದು ಅಂದರೆ ಇದೇ. ಆದರೆ ಅದನ್ನೇ ಕದ್ದು ಬರೆದರೆ ನಿಮ್ಮದೇನು ಬಂತು?

ನಾನು ಕಣ್ಣುಗಳ ಕಡೆ ಹೋದೆ. ಈಗ ದೀಪ ಬೆರಳಗಲಕ್ಕೆ ಇಳಿದಿದೆ, ಯಾವ ಆಕಾರವೂ ನಡೆಯುತ್ತದೆ, ಹಾಗಾಗಿ ಎಲ್ಲರೂ ದೀಪವನ್ನು ಮೆರೆಸುತ್ತಾರೆ. ಚಾರ್ಜರಿನ ಗುಣ ಅದಕ್ಕೆ ಉಲ್ಟಾ, ಬಚ್ಚಿಡೋದು. ಹಗಲಲ್ಲಿ ಪೂರ್ತಿ ಕಪ್ಪು ಮೂತಿ ಇರಲಿ. ಕತ್ತಲಾದಾಗ ಎಡಗಣ್ಣು ಮೊದಲು, ಬಲಗಣ್ಣು ಒಂದು ಕ್ಷಣ ಬಿಟ್ಟು ಬೆಳಗಲಿ. ಅಜ್ಜನ ಕಾರಿಗೆ ನನ್ನ ನಮಸ್ಕಾರ ಅದು. ಹಗಲು ದೀಪ ಬೇಕು ಅನ್ನುವ ದೇಶಗಳಿಗೆ ಕೆಳ ಅಂಚಿನಲ್ಲಿ ಒಂದು ತೆಳು ಗೆರೆ ಸಾಕು. ನೀಲಿ ಬೇಡ, ದಯವಿಟ್ಟು.

ಹೆಜ್ಜೆ 8: ಬೆನ್ನು ಮತ್ತು ಬಾಲ

ನಾಲ್ಕು ಗುರುತಿನಲ್ಲಿ ಇದನ್ನು ಮುಟ್ಟಿದವರು ಕಮ್ಮಿ, ಹಾಗಾಗಿ ಜಾಸ್ತಿ ಸಮಯ ಇಲ್ಲಿ ಕೊಡಿ. ಎರಡು ರೆಕ್ಕೆ, ನಡುವೆ ಗವಿ, ಗವಿಯಲ್ಲಿ ಗಾಳಿಯ ಸುಳಿ. ಗಾಜನ್ನು ಮೇಲಕ್ಕೆತ್ತಿದರೆ ಚಾರ್ಜರ್ 500 ಆಗುತ್ತದೆ, ಗಾಳಿಗೆ ಒಳ್ಳೇದು, ಕಣ್ಣಿಗೆ ಸಪ್ಪೆ.

ನಾನು ಮೂರು ದಾರಿ ಬರೆದು ನೋಡಿದೆ. ಮೊದಲನೇದು, ಗವಿಯ ಮೇಲೆ ತೆಳು ಪಟ್ಟಿಗಳು. ಎಪ್ಪತ್ತರ ದಶಕದ ಕಾರುಗಳಲ್ಲಿ ಇದ್ದದ್ದೇ, ಬಿಟ್ಟೆ. ಎರಡನೇದು, ಗಾಜೇ ಬೇಡ, ಕ್ಯಾಮೆರಾ ಸಾಕು. ಪೋಲ್‌ಸ್ಟಾರ್ 4ರಲ್ಲಿ ಹಿಂದಿನ ಗಾಜು ಇಲ್ಲವೇ ಇಲ್ಲ. ಆದರೆ ಹಿಂದೆ ಕೂತವರಿಗೆ ಉಸಿರು ಕಟ್ಟುತ್ತದೆ ಅನ್ನಿಸಿತು. ಮೂರನೇದು ಕೂತಿತು: ಚಾವಣಿ ಮುಗಿಯುವ ಜಾಗದಲ್ಲಿ ಉದ್ದಕ್ಕೆ ಒಂದು ಸೀಳು. ಚಾವಣಿಯ ಮೇಲಿನ ಗಾಳಿ ಒಂದಿಷ್ಟು ಆ ಸೀಳಿನಿಂದ ಗವಿಯೊಳಗೆ ಇಳಿದು, ಗಾಜನ್ನು ಸವರಿಕೊಂಡು, ಡಿಕ್ಕಿಯ ತುದಿಯಿಂದ ಹೊರಗೆ ಹೋಗುತ್ತದೆ. ಸುಳಿ ತಿರುಗೋಕೆ ಜಾಗ ಇಲ್ಲ, ಗಾಜಿಗೆ ಮಳೆನೀರೂ ನಿಲ್ಲಲ್ಲ. ರೆಕ್ಕೆ ಹಾಗೇ ಉಳಿಯಿತು. ಇದು ನಿಜಕ್ಕೂ ಕೆಲಸ ಮಾಡುತ್ತಾ ಅನ್ನೋದನ್ನು ಗಾಳಿ ಸುರಂಗದಲ್ಲಿ ಇಟ್ಟು ನೋಡಬೇಕು, ಹಾಳೆಯ ಮೇಲೆ ಕಾರಣ ಇದೆ ಅಷ್ಟು ಸಾಕು.

ಬಾಲವನ್ನು ಚಕ್ಕಂತ ಕತ್ತರಿಸಿ. ದುಂಡಗೆ ಮಾಡಿದರೆ ಗಾಳಿ ಅಂಟಿಕೊಂಡು ಎಳೆಯುತ್ತದೆ, ಚೂಪಾದ ಅಂಚು ಇದ್ದರೆ ಬಿಟ್ಟು ಹೋಗುತ್ತದೆ. ನಾಲ್ಕು ದುಂಡು ದೀಪ ಅಲ್ಲಿ ಬರಲಿ, ಹೊತ್ತಿದಾಗ ಮಾತ್ರ ಕಾಣುವ ಹಾಗೆ. ಬಾಗಿಲ ಮೇಲಿನ ಸುಳ್ಳು ಕಿಂಡಿಗಳನ್ನು ಮುಂದಕ್ಕೆ ತಂದು, ಮುಂದಿನ ಗಾಲಿಯ ಹಿಂದೆ ನಿಜವಾದ ಕಿಂಡಿ ಮಾಡಿ, ಗಾಲಿಯ ಗೂಡಿನ ಗಾಳಿ ಹೊರಗೆ ಹೋಗಲಿ. ಎಡ ಭುಜದ ಪೆಟ್ರೋಲ್ ಮುಚ್ಚಳ? ಅಲ್ಲೇ ಚಾರ್ಜಿಂಗ್ ಪೋರ್ಟ್ ಇಡಿ. ಹೆಸರೇ ಚಾರ್ಜರ್ ಅಲ್ವಾ!

ಹೆಜ್ಜೆ 9: ಒಳಗೆ ಮತ್ತು ಸದ್ದು

ಒಳಗಿನದು ಬೇಗ ಮುಗಿಸೋಣ. ಡ್ಯಾಶ್‌ಬೋರ್ಡಿನ ತುಂಬ ಟಿವಿ ಹಾಕಬೇಡಿ. ಎರಡು ದುಂಡು ಮೀಟರ್, ನಾಲ್ಕು ಗುಂಡಿ. ಬಾನೆಟ್ ಮೇಲಿನ ಇಂಡಿಕೇಟರ್ ದೀಪದ ಜಾಗದಲ್ಲಿ ಬ್ಯಾಟರಿ ಎಷ್ಟಿದೆ ಅಂತ ತೋರಿಸುವ ಪುಟ್ಟ ಬೆಳಕು ಇಟ್ಟೆ, ರಸ್ತೆಯಿಂದ ಕಣ್ಣು ತೆಗೆಯದೆ ನೋಡಬಹುದು.

ಸದ್ದಿನ ವಿಷಯ ಹಾಗಲ್ಲ. ಅಮೆರಿಕದಲ್ಲಿ ಬ್ಯಾಟರಿ ಕಾರು ನಿಧಾನಕ್ಕೆ ಹೋಗುವಾಗ, ಗಂಟೆಗೆ ಸುಮಾರು 30 ಕಿಲೋಮೀಟರ್ ತನಕ, ಸದ್ದು ಮಾಡಲೇಬೇಕು ಅಂತ ಕಾನೂನಿದೆ, ಕಣ್ಣು ಕಾಣದವರಿಗೆ ಗೊತ್ತಾಗಲಿ ಅಂತ. ಹಾಗಾದರೆ ಯಾವ ಸದ್ದು? ವಿ8 ಎಂಜಿನ್ನಿನ ರೆಕಾರ್ಡಿಂಗ್ ಹಾಕೋದು ನನಗೆ ಬಾಗಿಲ ಸುಳ್ಳು ಕಿಂಡಿಯ ಹಾಗೇ ಅನ್ನಿಸುತ್ತದೆ. ಮೋಟರಿನದ್ದೇ ಸದ್ದು, ಗಾಳಿ ಸೀಳಿನೊಳಗೆ ಹೋಗುವ ಸದ್ದು, ಇವನ್ನೇ ದೊಡ್ಡದು ಮಾಡಿ. ಚಿತ್ರದ ಪಕ್ಕ ಎರಡು ಸಾಲಿನಲ್ಲಿ ಆ ಸದ್ದನ್ನು ಬರೆದಿಡಿ. ತಮಾಷೆ ಅಲ್ಲ, ಸದ್ದು ಬರೆಯೋಕೆ ಕೂತಾಗ ಕಾರಿನ ಸ್ವಭಾವ ನಿಮಗೇ ಸ್ಪಷ್ಟ ಆಗುತ್ತದೆ.

ಹೆಜ್ಜೆ 10: ಹಾಳೆಯಿಂದ ಮೈಗೆ

ಪಕ್ಕದ ನೋಟ ಗಟ್ಟಿಯಾದ ಮೇಲೆ ಮುಂದೆ, ಹಿಂದೆ, ಮೇಲೆ, ಇದೇ ಅಳತೆಯಲ್ಲಿ ಬರೆಯಿರಿ. ಮೂರೂ ಒಂದಕ್ಕೊಂದು ಹೊಂದದೆ ಜಗಳ ಆಡುತ್ತವೆ, ಅದು ಮಾಮೂಲು. ಕಂಪ್ಯೂಟರ್ ಗೊತ್ತಿದ್ದರೆ ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ನಾಲ್ಕು ಚಿತ್ರವನ್ನೂ ಹಿನ್ನೆಲೆಯಲ್ಲಿ ಇಟ್ಟು ಮೈ ಕಟ್ಟಬಹುದು. ಸ್ಟುಡಿಯೋಗಳಲ್ಲಿ ಇವತ್ತಿಗೂ ಜೇಡಿ ಬಿಟ್ಟಿಲ್ಲ. ಎಣ್ಣೆ, ಮೇಣ ಬೆರೆತ ಕಂದು ಜೇಡಿಯನ್ನು ಸುಮಾರು 60 ಡಿಗ್ರಿಗೆ ಬಿಸಿ ಮಾಡಿ ಮೆತ್ತುತ್ತಾರೆ, ಆರಿದ ಮೇಲೆ ಕೆರೆಯುತ್ತಾರೆ. ಮನೆಯಲ್ಲಿ ಮಾಡೋದಾದರೆ ಮಕ್ಕಳು ಆಡುವ ನೀರಿನ ಜೇಡಿ ಬೇಡ, ಒಣಗಿ ಬಿರುಕು ಬಿಡುತ್ತದೆ.

ಮೈ ಸರಿ ಇದೆಯಾ ಅಂತ ನೋಡೋಕೆ ಒಂದೇ ಪರೀಕ್ಷೆ, ಬೆಳಕು. ಟ್ಯೂಬ್‌ಲೈಟ್ ಕೆಳಗೆ ಹೊಳೆಯುವ ಕಾರನ್ನು ನಿಲ್ಲಿಸಿದರೆ ಅದರ ಮೈಮೇಲೆ ಬೆಳಕಿನ ಗೆರೆ ಹರಿಯುತ್ತಲ್ಲ, ಆ ಗೆರೆ ಸೊಂಟದಿಂದ ಹಿಂದಿನ ತೊಡೆಗೆ ಏರುವಾಗ ಎಲ್ಲೂ ನಡುಗಬಾರದು. ಬ್ಲೆಂಡರಿನಲ್ಲಿ ಅದಕ್ಕೆ ಪಟ್ಟೆ ಪಟ್ಟೆ ಹೊಳಪಿನ ಮೆಟೀರಿಯಲ್ ಇದೆ, ಹಾಕಿ ನೋಡಿ. ನನ್ನದು ಬಾಗಿಲ ಹಿಂದಿನ ಅಂಚಿನಲ್ಲಿ ನಡುಗುತ್ತಿತ್ತು, ಸರಿ ಮಾಡೋಕೆ ಎರಡು ಶನಿವಾರ ಹೋಯಿತು.

ಚಿತ್ರ ಬರೆಯುವ ಎಐ ಬಳಸಬಹುದಾ ಅಂತ ಕೇಳುವವರಿಗೆ: ಬಳಸಿ, ಆದರೆ ಕೊನೆಯಲ್ಲಿ, ಬಣ್ಣ ಬೆಳಕು ನೋಡೋಕೆ. ಮೊದಲೇ ಅದರ ಬಾಗಿಲು ತಟ್ಟಿದರೆ ಎಲ್ಲರೂ ಬರೆದದ್ದರ ಸರಾಸರಿ ಕೊಡುತ್ತದೆ. ದೊಡ್ಡ ಗಾಲಿ, ಅಡ್ಡ ನೀಲಿ ಲೈಟು. ಯಾಕೆ ಅಂತ ಕೇಳಿದರೆ ಆ ಚಿತ್ರದ ಹತ್ತಿರ ಉತ್ತರ ಇರಲ್ಲ.

ಹೆಜ್ಜೆ 11: ಅಂಚೆಚೀಟಿಯಷ್ಟು ಮಾಡಿ ತೋರಿಸಿ

ಮುಗಿದ ಚಿತ್ರವನ್ನು ಎರಡು ಸೆಂಟಿಮೀಟರಿಗೆ ಇಳಿಸಿ ಪ್ರಿಂಟ್ ಹಾಕಿ, ಹೆಸರು ಬರೆಯದೆ ಫ್ರಿಜ್ ಮೇಲೆ ಅಂಟಿಸಿ. ಬಂದವರು ಏನಂತಾರೆ ಕೇಳಿ. ಅಷ್ಟು ಸಣ್ಣದರಲ್ಲಿ ಒಡವೆ ಯಾವುದೂ ಕಾಣಲ್ಲ, ನಿಲುವು ಮಾತ್ರ ಕಾಣುತ್ತದೆ. ಹೆಂಡತಿ ಈ ಸಲ ಫ್ರಿಜ್ ಬಾಗಿಲು ತೆಗೆಯುತ್ತಾ, "ಓ, ಅಜ್ಜನ ಕಾರು" ಅಂದಳು. ಒಂಬತ್ತನೇ ಹಾಳೆಗೆ.

ಆಮೇಲೆ ಆ ಕಾರನ್ನು ಹತ್ತಿರದಿಂದ ಬಲ್ಲವರಿಗೆ ದೊಡ್ಡ ಚಿತ್ರ ತೋರಿಸಿ. ನಾನು ಅಜ್ಜನ ಗ್ಯಾರೇಜಿಗೆ ಹೋದೆ. ಅವರು ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಹಾಳೆಯನ್ನು ಅವರ ಕಾರಿನ ಬಾನೆಟ್ ಮೇಲೆ ಹರಡಿ ತುಂಬಾ ಹೊತ್ತು ನೋಡಿದರು. ಬ್ಯಾಟರಿ ಬಗ್ಗೆ ಏನೂ ಕೇಳಲಿಲ್ಲ. ಗಾಳಿ ಸೀಳಿನ ಬಗ್ಗೆಯೂ ಇಲ್ಲ. ಎಡ ಭುಜದ ದುಂಡು ಮುಚ್ಚಳದ ಮೇಲೆ ಹೆಬ್ಬೆರಳು ಇಟ್ಟು, "ಇದು ಮುಚ್ಚಿದಾಗ ಸದ್ದು ಬರುತ್ತಾ?" ಅಂದರು. ತಮ್ಮ ಕಾರಿನ ಹಿಂದೆ ಹೋಗಿ ಮುಚ್ಚಳ ತೆಗೆದು ಹಾಕಿ ತೋರಿಸಿದರು. ಟಕ್.

ನಾನು ಅದನ್ನು ಯೋಚಿಸಿರಲೇ ಇಲ್ಲ. ಮನೆಗೆ ಬಂದು ಹತ್ತನೇ ಹಾಳೆ ತೆಗೆದೆ.